ಈಜುಕೊಳದ ನೀರಿಗೆ ಯಾರು ಹೊಣೆ?

ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸಿಕೊಂಡವರು, ಅದನ್ನು ಶುಚಿ ಮಾಡಲು ಬರುವವರ ಕೆಲಸವನ್ನು ಸಾಮಾನ್ಯವಾಗಿ ಎರಡು ಸಂಗತಿಗಳಿಂದ ಅಳೆಯುತ್ತಾರೆ. ನೀರು ನೀಲಿಯಾಗಿ ಹೊಳೆಯುತ್ತಿದೆಯೇ? ಕ್ಲೋರಿನ್ ವಾಸನೆ ಬರುತ್ತಿದೆಯೇ? ಎರಡೂ ಇದ್ದರೆ ಕೆಲಸ ಚೊಕ್ಕಟವಾಗಿದೆ ಎಂದು ಸಮಾಧಾನ. ಆದರೆ ಇವೆರಡೂ ನಂಬತಕ್ಕ ಸಾಕ್ಷಿಗಳಲ್ಲ. ಕೊಳದ ನೀಲಿಯಲ್ಲಿ ತಳಕ್ಕೆ ಹಾಸಿದ ನೀಲಿ ಹೆಂಚುಗಳ ಪಾಲು ದೊಡ್ಡದು. ಮೂಗಿಗೆ ಅಡರುವ ಘಾಟಂತೂ ಶುಚಿತ್ವದ ಗುರುತೇ ಅಲ್ಲ. ಈಜುವವರ ಬೆವರು, ಮೂತ್ರಗಳೊಡನೆ ಕ್ಲೋರಿನ್ ಸೇರಿದಾಗ ಹುಟ್ಟುವ ಕ್ಲೋರಮೈನ್ ಎಂಬ ಸಂಯುಕ್ತಗಳ ವಾಸನೆ ಅದು. ಕಣ್ಣು ಕೆಂಪಾಗಿಸುವುದೂ ಅದೇ. ಚೆನ್ನಾಗಿ ನೋಡಿಕೊಂಡ ಕೊಳದಲ್ಲಿ ಘಾಟು ಅಷ್ಟಾಗಿ ಇರುವುದಿಲ್ಲ.

ಕಣ್ಣು, ಮೂಗುಗಳನ್ನು ನಂಬುವಂತಿಲ್ಲವಾದರೆ ಕೊಳ ಶುಚಿಯಾಗಿದೆ ಎಂದು ಹೇಳುವವರು ಯಾರು? ಅವರ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು? ಈಜುಕೊಳದ ಸೇವೆಗೆ ಜನರನ್ನು ಗೊತ್ತು ಮಾಡಿಕೊಳ್ಳುವಾಗ ಏಳುವ ಈ ಪ್ರಶ್ನೆ ಹೊಸದೇನಲ್ಲ. ಮನುಷ್ಯ ಕೊಳ ಕಟ್ಟಿ ಸ್ನಾನಕ್ಕಿಳಿದ ದಿನದಿಂದಲೂ ಅದು ಅವನ ಜೊತೆಗೇ ಬಂದಿದೆ. ಅದಕ್ಕೆ ಕೊಟ್ಟುಕೊಂಡ ಉತ್ತರಗಳಲ್ಲಿ ಕೆಲವು ಜಾಣತನದವು, ಕೆಲವು ನಾಚಿಕೆ ಹುಟ್ಟಿಸುವಂಥವು.

ತೂಬು ಮತ್ತು ಕಾವಲುಗಾರ

ಮೊಹೆಂಜೊದಾರೊದ ಮಹಾಸ್ನಾನಗೃಹ 1925-26ರ ಉತ್ಖನನದಲ್ಲಿ ಬೆಳಕಿಗೆ ಬಂತು. ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳದ ಈ ಇಟ್ಟಿಗೆಯ ಕೊಳಕ್ಕೆ ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕಿದ ವಯಸ್ಸು. ನೀರು ಜಿನುಗದಂತೆ ಅದಕ್ಕೆ ಬಿಟುಮೆನ್ನಿನ ಲೇಪವಿದೆ. ಪಕ್ಕದ ಕೋಣೆಯೊಂದರಲ್ಲಿ ಬಾವಿಯಿದೆ. ಒಂದು ಮೂಲೆಯಲ್ಲಿ ತೂಬು, ಅದರಾಚೆ ಬಳಸಿದ ನೀರು ಹರಿದುಹೋಗಲು ಎತ್ತರದ ಚರಂಡಿ. ನೀರು ಬರುವ ದಾರಿಯಷ್ಟೇ ಅದು ಹೋಗುವ ದಾರಿಯನ್ನೂ ಕಟ್ಟಿದವರು ಯೋಚಿಸಿದ್ದರು. ಕೊಳೆಯಾದ ನೀರನ್ನು ಹೊರಗೆ ಬಿಟ್ಟು ಹೊಸ ನೀರು ತುಂಬುವುದೇ ಆಗಿನ ಶುಚಿತ್ವ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಜಗತ್ತಿಗೆ ತಿಳಿದಿದ್ದ ಮುಖ್ಯ ಉಪಾಯ ಇದೇ.

ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಅದನ್ನು ನೋಡಿಕೊಳ್ಳುವ ಮನುಷ್ಯ ಬೇಕು. ಕರ್ನಾಟಕದ ಕೆರೆಗಳ ಇತಿಹಾಸ ಈ ಮಾತಿಗೆ ಒಳ್ಳೆಯ ಉದಾಹರಣೆ. ಕೆರೆ ಕಟ್ಟಿದವರಿಗೆ, ದುರಸ್ತಿ ನೋಡಿಕೊಂಡವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯನ್ನು ನಮ್ಮ ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆ ಮುಂತಾದ ಹೆಸರುಗಳಿಂದ ಗುರುತಿಸುತ್ತವೆ. ತೂಬಿನ ನೀರು ಹಂಚಲು ಹಳ್ಳಿಗೊಬ್ಬ ನೀರಗಂಟಿ ಇರುತ್ತಿದ್ದ. ಈಜುಕೊಳಕ್ಕೂ ಕೆರೆಗೂ ಹೋಲಿಕೆ ಸಲ್ಲದು, ನಿಜ. ಆದರೆ ಆ ವ್ಯವಸ್ಥೆಯ ಹಿಂದಿನ ತಿಳಿವಳಿಕೆ ಗಮನಿಸತಕ್ಕದ್ದು. ಕೆರೆಯನ್ನು ನೋಡಿಕೊಂಡವನ ಗದ್ದೆಗೆ ಹರಿಯಬೇಕಾದದ್ದು ಅದೇ ಕೆರೆಯ ನೀರು. ಹೂಳು ತುಂಬಿದರೆ ಮೊದಲು ಒಣಗುತ್ತಿದ್ದದ್ದು ಅವನ ಪೈರು. ನಂಬಿಕೆಯನ್ನು ಬಾಯಿಮಾತಿಗೆ ಬಿಡದೆ ಕೆಲಸದ ಫಲಕ್ಕೆ ಕಟ್ಟಿಹಾಕಲಾಗಿತ್ತು.

ದುಬಾರಿ ದಿನ, ಅಗ್ಗದ ದಿನ

ಇಂಗ್ಲೆಂಡಿನಲ್ಲಿ 1846ರ ಕಾಯಿದೆಯೊಂದು ಸಾರ್ವಜನಿಕ ಸ್ನಾನಗೃಹ ಹಾಗೂ ಬಟ್ಟೆ ಒಗೆಯುವ ಮನೆಗಳನ್ನು ಕಟ್ಟಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು. ಕೈಗಾರಿಕಾ ನಗರಗಳ ಬಡವರ ಮನೆಗಳಲ್ಲಿ ಸ್ನಾನದ ಕೋಣೆಗಳೇ ಇಲ್ಲದ ಕಾಲ ಅದು. ಸ್ನಾನಗೃಹಗಳ ಜೊತೆಗೆ ಈಜುಕೊಳಗಳೂ ಬಂದವು. ಆದರೆ ದೊಡ್ಡ ಕೊಳವನ್ನು ದಿನವೂ ಖಾಲಿ ಮಾಡಿ ತುಂಬುವುದು, ನೀರು ಬಿಸಿ ಮಾಡುವುದು ದುಬಾರಿ ಕೆಲಸ. ಹಾಗಾಗಿ ಒಮ್ಮೆ ತುಂಬಿದ ನೀರನ್ನು ಹಲವು ದಿನ ಬಳಸುತ್ತಿದ್ದರು. ಹೊಸ ನೀರಿನ ದಿನ ಪ್ರವೇಶದ ದರ ಹೆಚ್ಚು. ನೀರು ಕೊಳೆಯಾಗುತ್ತ ಹೋದಂತೆ ದರವೂ ಇಳಿಯುತ್ತಿತ್ತು. ಕೊನೆಯ ದಿನದ ಅಗ್ಗದ, ಕದಡಿದ ನೀರು ಬಡವರ ಪಾಲಿಗೆ.

ಮ್ಯಾಂಚೆಸ್ಟರಿನಲ್ಲಿ 1906ರಲ್ಲಿ ತೆರೆದ ವಿಕ್ಟೋರಿಯಾ ಬಾತ್ಸ್ ಎಂಬ ಭವ್ಯ ಕಟ್ಟಡದಲ್ಲಿ ಮೂರು ಕೊಳಗಳಿದ್ದವು. ಹೊಸ ನೀರು ಮೊದಲು ಪ್ರಥಮ ದರ್ಜೆಯ ಗಂಡಸರ ಕೊಳಕ್ಕೆ. ಅಲ್ಲಿ ಬಳಸಿದ ಮೇಲೆ ದ್ವಿತೀಯ ದರ್ಜೆಯ ಗಂಡಸರ ಕೊಳಕ್ಕೆ. ಕಟ್ಟಕಡೆಗೆ ಹೆಂಗಸರ ಕೊಳಕ್ಕೆ. ಬಣ್ಣದ ಗಾಜಿನ ಕಿಟಕಿಗಳ ಆ ಅಂದದ ಕಟ್ಟಡದಲ್ಲಿ ನೀರು ಸಮಾಜದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಿತ್ತು.

ಈ ಪದ್ಧತಿಯಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇತ್ತೆಂದೂ ಹೇಳಬಹುದು. ನೀರು ಕೊಳೆಯಾಗಿದೆ ಎಂಬುದನ್ನು ದರಪಟ್ಟಿಯೇ ಒಪ್ಪಿಕೊಳ್ಳುತ್ತಿತ್ತು. ಆದರೆ ಕೊಳೆ ಎಷ್ಟು, ಅದರಿಂದ ಅಪಾಯವೇನು ಎಂದು ತಿಳಿಯುವ ಬಗೆ ಸ್ನಾನಕ್ಕೆ ಬಂದವರಿಗೆ ಇರಲಿಲ್ಲ. ನೀರಿನ ತಳ ಕಾಣಿಸುವವರೆಗೆ ಅದು ಶುಚಿ, ಕಾಣಿಸದಿದ್ದರೆ ಕೊಳೆ.

ಅಳತೆ ಬಂತು

ಈ ಸ್ಥಿತಿ ಬದಲಾದದ್ದು ಅಮೆರಿಕದಲ್ಲಿ. 1908ರಲ್ಲಿ ಜರ್ಸಿ ಸಿಟಿಯ ಕುಡಿಯುವ ನೀರಿಗೆ ಡಾ. ಜಾನ್ ಲೀಲ್ ನಿರಂತರವಾಗಿ ಕ್ಲೋರಿನ್ ಸೇರಿಸುವ ಏರ್ಪಾಡು ಮಾಡಿದ. ವಿಷ ಬೆರೆಸುತ್ತಿದ್ದಾರೆಂಬ ಆಕ್ಷೇಪ ನ್ಯಾಯಾಲಯದವರೆಗೂ ಹೋಯಿತು, ಕ್ಲೋರಿನ್ ಗೆದ್ದಿತು. ಎರಡೇ ವರ್ಷದಲ್ಲಿ, 1910ರಲ್ಲಿ, ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೆ ಜಾನ್ ಬಂಕರ್ ಅದೇ ಉಪಾಯವನ್ನು ಪ್ರಯೋಗಿಸಿದ. ಬ್ಯಾಕ್ಟೀರಿಯಾಗಳನ್ನು ಎಣಿಸಿ, ಔಷಧಿ ಹಾಕಿ, ಮತ್ತೆ ಎಣಿಸಿ ನೋಡುವ ಕ್ರಮ ಕೊಳಕ್ಕೂ ಬಂತು. ನೀರನ್ನು ಚೆಲ್ಲದೆಯೇ ಶುಚಿಯಾಗಿಡಬಹುದು ಎಂದಾಯಿತು. ಸೋಸುವ ಯಂತ್ರ ಮತ್ತು ಕ್ಲೋರಿನ್, ಇವೆರಡರ ಮೇಲೆಯೇ ಇಂದಿನ ಈಜುಕೊಳ ನಿಂತಿದೆ.

ಆದರೆ ಕ್ಲೋರಿನ್ ಹಾಕಿದರೆ ಸಾಲದು, ಅದು ಕೆಲಸ ಮಾಡುವಂತೆ ನೋಡಿಕೊಳ್ಳಬೇಕು. ನೀರಿಗೆ ಬಿದ್ದ ಕ್ಲೋರಿನ್ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಅದೇ. ನೀರಿನ ಆಮ್ಲೀಯತೆಯನ್ನು ಸೂಚಿಸುವ ಪಿ.ಎಚ್. 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಪಾಲು ಈ ರೂಪದಲ್ಲಿರುತ್ತದೆ. ಪಿ.ಎಚ್. 8.5ಕ್ಕೆ ಏರಿದರೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಅಂದರೆ ಎರಡು ಕೊಳಗಳಿಗೆ ಒಂದೇ ಅಳತೆಯ ಕ್ಲೋರಿನ್ ಸುರಿದರೂ ಒಂದರಲ್ಲಿ ರೋಗಾಣು ಸಾಯುತ್ತದೆ, ಇನ್ನೊಂದರಲ್ಲಿ ಬದುಕಿ ಉಳಿಯುತ್ತದೆ. ನೋಡುವ ಕಣ್ಣಿಗೆ ಎರಡೂ ಒಂದೇ ನೀಲಿ.

ಅಳತೆಯ ಉಪಕರಣಗಳೂ ಸುಧಾರಿಸಿದವು. ಮೊದಲು ಬಳಕೆಯಲ್ಲಿದ್ದ ಆರ್ಥೊಟೊಲಿಡಿನ್ ದ್ರಾವಣ ನೀರನ್ನು ಹಳದಿಯಾಗಿಸುತ್ತಿತ್ತು. ಆದರೆ ಉಪಯುಕ್ತ ಕ್ಲೋರಿನ್ ಎಷ್ಟು, ಕೊಳೆಯೊಡನೆ ಸೇರಿ ನಿರುಪಯೋಗಿಯಾದದ್ದು ಎಷ್ಟು ಎಂದು ಬೇರ್ಪಡಿಸಿ ತೋರಿಸುವುದು ಅದಕ್ಕೆ ಸುಲಭವಾಗಿರಲಿಲ್ಲ. 1957ರಲ್ಲಿ ಇಂಗ್ಲೆಂಡಿನ ಎ.ಟಿ. ಪಾಲಿನ್ ರೂಪಿಸಿದ ಡಿ.ಪಿ.ಡಿ. ಪರೀಕ್ಷೆ ಈ ಕೊರತೆಯನ್ನು ನೀಗಿಸಿತು. ನಸುಗೆಂಪು ಬಣ್ಣ ಎಷ್ಟು ಗಾಢವೋ ಕ್ಲೋರಿನ್ ಅಷ್ಟು. ಇಂದು ಕೊಳ ನೋಡಿಕೊಳ್ಳುವವರ ಪೆಟ್ಟಿಗೆಯಲ್ಲಿರುವ ಪುಟ್ಟ ಮಾತ್ರೆ ಅಥವಾ ಹನಿಗಳ ಹಿಂದಿನ ಕಥೆ ಇದು.

ನೀರಿನ ಕೊಳೆ, ಮನಸ್ಸಿನ ಕೊಳೆ

ಅಳತೆ ಕೈಗೆ ಸಿಕ್ಕಿದ ಮೇಲೆ ಊಹೆಗೆ ಜಾಗವಿರಬಾರದಿತ್ತು. ನಡೆದದ್ದು ಬೇರೆ.

ಕ್ಯಾಲಿಫೋರ್ನಿಯದ ಪ್ಯಾಸಡೀನ ನಗರದಲ್ಲಿ 1914ರಲ್ಲಿ ಬ್ರೂಕ್‌ಸೈಡ್ ಪ್ಲಂಜ್ ಎಂಬ ಸಾರ್ವಜನಿಕ ಈಜುಕೊಳ ಆರಂಭವಾಯಿತು. ಕರಿಯರು, ಮೆಕ್ಸಿಕೊ ಹಾಗೂ ಏಷ್ಯ ಮೂಲದವರಿಗೆ ವಾರಕ್ಕೊಂದು ದಿನ ಮಾತ್ರ ಪ್ರವೇಶ. ಆ ದಿನಕ್ಕೆ ಅಂತರರಾಷ್ಟ್ರೀಯ ದಿನ ಎಂಬ ದೊಡ್ಡ ಹೆಸರು. ಅವರ ಸರದಿ ಮುಗಿದ ಮೇಲೆ ಕೊಳ ಖಾಲಿ ಮಾಡಿ, ತೊಳೆದು, ಬಿಳಿಯರಿಗಾಗಿ ಹೊಸ ನೀರು ತುಂಬುತ್ತಿದ್ದರು. ನೀರು ಚೆಲ್ಲುವ ಈ ನಿರ್ಧಾರಕ್ಕೂ ನೀರಿನ ಪರೀಕ್ಷೆಗೂ ಸಂಬಂಧವಿರಲಿಲ್ಲ. ಯಾರು ಮಿಂದರು ಎಂಬುದೇ ಅಲ್ಲಿ ಅಳತೆಗೋಲು.

ಫ್ಲಾರಿಡದ ಸೇಂಟ್ ಆಗಸ್ಟೀನ್‌ನಲ್ಲಿ 1964ರ ಜೂನ್ 18ರಂದು ಇದು ಇನ್ನೂ ಕ್ರೂರ ರೂಪ ತಾಳಿತು. ಬಿಳಿಯರಿಗೆ ಮೀಸಲಾಗಿದ್ದ ಮಾನ್ಸನ್ ಮೋಟರ್ ಲಾಡ್ಜ್‌ನ ಈಜುಕೊಳಕ್ಕೆ ಕರಿಯರು, ಬಿಳಿಯರು ಇಬ್ಬರೂ ಇದ್ದ ಸತ್ಯಾಗ್ರಹಿಗಳ ಗುಂಪು ಧುಮುಕಿತು. ಮೋಟೆಲಿನ ವ್ಯವಸ್ಥಾಪಕ ಜೇಮ್ಸ್ ಬ್ರಾಕ್, ಕೊಳ ತೊಳೆಯಲು ಬಳಸುವ ಮ್ಯೂರಿಯಾಟಿಕ್ ಆಮ್ಲದ ಡಬ್ಬಿ ತಂದು ಅವರ ಸುತ್ತ ನೀರಿಗೆ ಸುರಿದ. ಅಷ್ಟು ನೀರಿನಲ್ಲಿ ಆಮ್ಲ ತೆಳುವಾಗಿ ಹೋಗಿ ಯಾರಿಗೂ ಹೆಚ್ಚಿನ ಅಪಾಯವಾಗಲಿಲ್ಲ. ಆದರೆ ಆ ಕ್ಷಣದ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ಮರುದಿನವೇ ಅಮೆರಿಕದ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಗೆ ಒಪ್ಪಿಗೆ ನೀಡಿತು. ಶುಚಿ ಮಾಡುವ ವಸ್ತುವೇ ಅಸ್ತ್ರವಾದ ಆ ಚಿತ್ರ, ಶುಚಿತ್ವದ ಹೆಸರಿನಲ್ಲಿ ಏನೆಲ್ಲ ನಡೆಯಬಹುದು ಎಂಬುದನ್ನು ಒಂದೇ ನೋಟಕ್ಕೆ ಹೇಳುತ್ತದೆ.

ಭಾರತೀಯರು ಇದನ್ನು ಓದಿ ಅಚ್ಚರಿಪಡುವ ಸ್ಥಿತಿಯಲ್ಲಿಲ್ಲ. ಮಹಾಡದ ಚವದಾರ್ ಕೆರೆಯನ್ನು ಅಲ್ಲಿನ ಪುರಸಭೆ 1924ರಲ್ಲಿಯೇ ಎಲ್ಲರಿಗೂ ಮುಕ್ತಗೊಳಿಸಿತ್ತು. ಆದರೂ ಅಸ್ಪೃಶ್ಯರೆನಿಸಿದವರು ಅದರ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಸಾವಿರಾರು ಜನರೊಡನೆ ಹೋಗಿ ಆ ನೀರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡಗಳನ್ನು ಮಂತ್ರಪೂರ್ವಕವಾಗಿ ಸುರಿದು ಕೆರೆಯನ್ನು ಶುದ್ಧಿ ಮಾಡಿದರು. ದನಕರು ಇಳಿದಾಗ ಕೆಡದ ನೀರು ಮನುಷ್ಯರು ಬೊಗಸೆಯಲ್ಲಿ ಎತ್ತಿದಾಗ ಕೆಟ್ಟಿತ್ತು. ಆ ಕೆರೆಯ ಮೇಲಿನ ಹಕ್ಕಿನ ವ್ಯಾಜ್ಯದಲ್ಲಿ ಬೊಂಬಾಯಿ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ.

ಈ ಪ್ರಸಂಗಗಳಿಗೂ ಮನೆಯ ಈಜುಕೊಳದ ನಿರ್ವಹಣೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ.

ಮನೆಯಂಗಳಕ್ಕೆ ಬಂದ ಕೊಳ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನ್ಯಾಯಾಲಯಗಳು ಸಾರ್ವಜನಿಕ ಕೊಳಗಳ ಬಾಗಿಲನ್ನು ಎಲ್ಲರಿಗೂ ತೆರೆಸತೊಡಗಿದಾಗ ಹಲವು ಊರುಗಳು ಕೊಳ ಮುಚ್ಚಿದವು. ಅನೇಕ ಬಿಳಿಯರು ಖಾಸಗಿ ಕ್ಲಬ್ಬುಗಳಿಗೂ ತಮ್ಮ ಹಿತ್ತಲಿಗೂ ಸರಿದರು. ಕೈಯಲ್ಲಿ ಹಣ, ಹೊಸ ಬಡಾವಣೆಗಳ ವಿಶಾಲ ನಿವೇಶನ, ಕಾಂಕ್ರೀಟನ್ನು ಸಿಂಪಡಿಸಿ ಕೊಳ ಕಟ್ಟುವ ಅಗ್ಗದ ವಿಧಾನ ಎಲ್ಲವೂ ಕೂಡಿಬಂದವು. 1950ರಲ್ಲಿ ನೆಲದೊಳಗೆ ಕಟ್ಟಿದ ಈಜುಕೊಳವಿದ್ದ ಅಮೆರಿಕನ್ ಕುಟುಂಬಗಳು ಸುಮಾರು 2,500 ಮಾತ್ರ. 1999ರ ಹೊತ್ತಿಗೆ ಅವುಗಳ ಸಂಖ್ಯೆ 40 ಲಕ್ಷ. ಜೆಫ್ ವಿಲ್ಟ್ಸೆ ಎಂಬ ಇತಿಹಾಸಕಾರ ಈ ಬೆಳವಣಿಗೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ.

ಹೀಗೆ ಸರಿದವರು ಒಂದನ್ನು ಹಿಂದೆ ಬಿಟ್ಟು ಬಂದರು. ಸಾರ್ವಜನಿಕ ಕೊಳಕ್ಕೆ ಆರೋಗ್ಯ ಇಲಾಖೆಯ ತಪಾಸಣೆ ಇತ್ತು, ಅಳತೆಗಳನ್ನು ಬರೆದಿಡುವ ಪುಸ್ತಕವಿತ್ತು. ಹಿತ್ತಲಿನ ಕೊಳಕ್ಕೆ ಅಂಥ ಕಣ್ಗಾವಲಿಲ್ಲ. ಆ ಜಾಗಕ್ಕೆ ಬಂದವನು ವಾರಕ್ಕೊಮ್ಮೆ ಉದ್ದ ಕೋಲಿನ ಬಲೆ, ಕುಂಚ, ಔಷಧಿಯ ಡಬ್ಬಿಗಳೊಡನೆ ಬಂದು ಹೋಗುವ ಪೂಲ್ ಮ್ಯಾನ್. ಅವನು ಬಂದಾಗ ಮನೆಯವರು ಬಹುಪಾಲು ಹೊರಗೇ ಇರುತ್ತಾರೆ. ಅವನು ಹತ್ತು ನಿಮಿಷ ಇದ್ದನೋ ಒಂದು ಗಂಟೆ ಇದ್ದನೋ ನೋಡುವವರಿಲ್ಲ. ಎಲೆ ತೆಗೆದಿದ್ದರೆ ಸಾಕು, ಕೆಲಸವಾದಂತೆ ಕಾಣುತ್ತದೆ.

ಯಂತ್ರವೂ ಬಂತು. ದಕ್ಷಿಣ ಆಫ್ರಿಕದಲ್ಲಿದ್ದ ಎಂಜಿನಿಯರ್ ಫರ್ಡಿನಾಂಡ್ ಶೋವಿಯೆ 1974ರಲ್ಲಿ ರೂಪಿಸಿದ ಕ್ರೀಪಿ ಕ್ರಾಲಿ, ಕೊಳದ ಪಂಪಿನ ಸೆಳೆತದಿಂದಲೇ ತಳದಲ್ಲಿ ತೆವಳುತ್ತ ಕಸ ಹೀರುತ್ತಿತ್ತು. ಈಗ ಇನ್ನೂ ಚುರುಕಾದ ಯಂತ್ರಗಳಿವೆ. ಇವು ಗುಡಿಸುವುದು ನೆಲವನ್ನು. ನೀರಿನಲ್ಲಿ ಏನು ಕರಗಿದೆ ಎಂದು ತಿಳಿಯುವ ಕೆಲಸ ಹಾಗೆಯೇ ಉಳಿಯುತ್ತದೆ.

ಇಲ್ಲಿ ಸೋಮಾರಿತನಕ್ಕೆ ಅನುಕೂಲವಾದ ಒಂದು ವಸ್ತುವೂ ಇದೆ. ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗುತ್ತದೆ. ಅದನ್ನು ತಡೆಯಲು ಸಯನ್ಯೂರಿಕ್ ಆಮ್ಲ ಬೆರೆಸುತ್ತಾರೆ. ತೇಲುವ ಡಬ್ಬಿಯಲ್ಲಿ ಹಾಕಿ ಬಿಡುವ ಕ್ಲೋರಿನ್ ಬಿಲ್ಲೆಗಳಲ್ಲಿ ಈ ಆಮ್ಲ ಸೇರಿಕೊಂಡೇ ಇರುತ್ತದೆ. ಬಿಲ್ಲೆ ಹಾಕಿ ಹೋದರೆ ವಾರವಿಡೀ ಚಿಂತೆಯಿಲ್ಲ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಈ ಆಮ್ಲ ಉಳಿಯುತ್ತದೆ. ತಿಂಗಳುಗಟ್ಟಲೆ ಕೂಡುತ್ತ ಹೋಗಿ ಅತಿಯಾದಾಗ ಕ್ಲೋರಿನ್ನಿನ ಕೈಯನ್ನೇ ಕಟ್ಟಿಹಾಕುತ್ತದೆ. ಆಗ ನೀರಿನ ಭಾಗವನ್ನು ಚೆಲ್ಲಿ ಹೊಸದು ತುಂಬುವುದೇ ರೂಢಿಯ ಪರಿಹಾರ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಸಾಧಾರಣ ಕೊಳದಲ್ಲಿ 40,000 ಲೀಟರ್ ನೀರಿರುತ್ತದೆ. ಆಮ್ಲವನ್ನು ಅರ್ಧಕ್ಕಿಳಿಸಲು 20,000 ಲೀಟರ್ ಚೆಲ್ಲಬೇಕು.

ಬೆಂಗಳೂರಿನಂಥ ಊರಿನಲ್ಲಿ ಇದು ಮನೆಯೊಡೆಯನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಬಡಾವಣೆಗಳು ಕೊಡ ಹಿಡಿದು ಟ್ಯಾಂಕರಿಗೆ ಕಾದು ನಿಂತಿದ್ದ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಕೆಟ್ಟ ನಿರ್ವಹಣೆಯ ಬೆಲೆಯನ್ನು ಕೊಳದಲ್ಲಿ ಎಂದೂ ಈಜದವರೂ ತೆರುತ್ತಾರೆ.

ಯಾರನ್ನು ನಂಬಬೇಕು?

ಈ ಇತಿಹಾಸದ ಬೆಳಕಿನಲ್ಲಿ ನೋಡಿದರೆ, ನಂಬತಕ್ಕ ನಿರ್ವಾಹಕನನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಅವನು ಅಳೆಯುತ್ತಾನೆ, ಬರೆಯುತ್ತಾನೆ, ಕೇಳಿದಾಗ ತೋರಿಸುತ್ತಾನೆ.

ಮೊದಲ ಭೇಟಿಯಲ್ಲೇ ದರ ಹೇಳುವವನಿಗಿಂತ ಮೊದಲು ನೀರು ಪರೀಕ್ಷಿಸುವವನು ಮೇಲು. ಉಪಯುಕ್ತ ಕ್ಲೋರಿನ್, ಪಿ.ಎಚ್., ಕೊಳೆಯೊಡನೆ ಕೂಡಿದ ಕ್ಲೋರಿನ್, ಸಯನ್ಯೂರಿಕ್ ಆಮ್ಲ ಈ ನಾಲ್ಕನ್ನೂ ಅವನು ಅಳೆಯಬಲ್ಲನೇ ಎಂದು ಕೇಳಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆಯಂತೆ ಕೊಳದಲ್ಲಿ ಉಪಯುಕ್ತ ಕ್ಲೋರಿನ್ ದಶಲಕ್ಷಕ್ಕೆ ಕನಿಷ್ಠ 1 ಭಾಗ, ಸಯನ್ಯೂರಿಕ್ ಆಮ್ಲ ಬಳಸಿದ್ದರೆ ಕನಿಷ್ಠ 2 ಭಾಗ ಇರಬೇಕು. ಪಿ.ಎಚ್. 7.0ರಿಂದ 7.8ರೊಳಗಿರಬೇಕು. ಈಜುಕೊಳದ ನೀರಿನ ಗುಣಮಟ್ಟಕ್ಕೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 3328 ಎಂಬ ಮಾನಕವೂ ಇದೆ. ಪ್ರತಿ ಭೇಟಿಯ ದಿನಾಂಕ, ಅಳತೆ, ಹಾಕಿದ ಔಷಧಿಯ ಪ್ರಮಾಣ ಒಂದು ಪುಸ್ತಕದಲ್ಲಿ ದಾಖಲಾಗಿ, ಆ ಪುಸ್ತಕ ಮನೆಯಲ್ಲೇ ಉಳಿಯಬೇಕು. ಮನೆಯವರು ಆಗಾಗ ತಾವೇ ಒಂದು ಪರೀಕ್ಷೆ ಮಾಡಿ ಪುಸ್ತಕದೊಡನೆ ಹೋಲಿಸಿದರೆ ಅದು ಅಪನಂಬಿಕೆಯಲ್ಲ, ಒಳ್ಳೆಯ ಕೆಲಸಗಾರನಿಗೆ ಅದರಿಂದ ಗೌರವವೇ ಹೆಚ್ಚುತ್ತದೆ. ವಾರದ ನಂತರ ವಾರ ಒಂದೇ ಅಂಕಿ ಬರೆದ ಪುಸ್ತಕ ಮಾತ್ರ ಸಂಶಯಕ್ಕೆ ಯೋಗ್ಯ. ಮಳೆ, ಬಿಸಿಲು, ಈಜುವವರ ಸಂಖ್ಯೆಗೆ ತಕ್ಕಂತೆ ನೀರು ಬದಲಾಗಲೇಬೇಕು.

ತಳದ ತೂಬಿನ ಮುಚ್ಚಳವನ್ನು ಅವನು ನೋಡುತ್ತಾನೆಯೇ ಎಂಬುದು ಇನ್ನೊಂದು ಪರೀಕ್ಷೆ. ಮುಚ್ಚಳ ಸಡಿಲವಾಗಿದ್ದರೆ ಪಂಪಿನ ಸೆಳೆತಕ್ಕೆ ಮಕ್ಕಳು ಸಿಕ್ಕಿಬೀಳುವ ಅಪಾಯವಿದೆ. 2002ರಲ್ಲಿ ಏಳು ವರ್ಷದ ಬಾಲಕಿ ವರ್ಜೀನಿಯ ಗ್ರೇಮ್ ಬೇಕರ್ ಇಂಥ ಸೆಳೆತಕ್ಕೆ ಸಿಕ್ಕಿ ಮೃತಪಟ್ಟಳು. ಸುರಕ್ಷಿತ ಮುಚ್ಚಳಗಳನ್ನು ಕಡ್ಡಾಯಗೊಳಿಸಿ 2007ರಲ್ಲಿ ಅಮೆರಿಕ ಮಾಡಿದ ಕಾನೂನಿಗೆ ಅವಳದೇ ಹೆಸರು.

ಔಷಧಿಗಳನ್ನು ಅವನು ಹೇಗೆ ಇಡುತ್ತಾನೆ ಎಂಬುದರಿಂದಲೂ ಬಹಳಷ್ಟು ತಿಳಿಯುತ್ತದೆ. ಆಮ್ಲವೂ ಕ್ಲೋರಿನ್ ಪುಡಿಯೂ ಬೆರೆತರೆ ವಿಷಾನಿಲ ಏಳುತ್ತದೆ. 1915ರಲ್ಲಿ ಈಪ್ರ್ ರಣರಂಗದಲ್ಲಿ ಜರ್ಮನರು ಬಳಸಿದ್ದು ಇದೇ ಅನಿಲ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲೆಸುವ, ಬರಿಗೈಯಲ್ಲಿ ಎತ್ತುವ ಹುಡುಗನನ್ನು ಕಳಿಸುವ ಗುತ್ತಿಗೆದಾರ ಎಷ್ಟೇ ಅಗ್ಗವಾಗಿದ್ದರೂ ದುಬಾರಿ. ಕೈಗವಸು, ಕನ್ನಡಕ, ತರಬೇತಿ ಇವು ಆ ಹುಡುಗನ ಹಕ್ಕು. ಅವನ ಪುಪ್ಪುಸದ ಲೆಕ್ಕದಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ಎಲ್ಲ ಅಳತೆ ಸರಿಯಾಗಿದ್ದರೂ ಅದಕ್ಕೊಂದು ಮಿತಿಯಿದೆ. ಭೇದಿ ಹುಟ್ಟಿಸುವ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲಿಯೂ ವಾರಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು. ಭೇದಿಯಿರುವವರು ನೀರಿಗಿಳಿಯದಿರುವುದು, ಇಳಿಯುವ ಮುನ್ನ ಮೈ ತೊಳೆದುಕೊಳ್ಳುವುದು ಕೊಳ ಬಳಸುವವರ ಪಾಲಿನ ಕೆಲಸ. ಒಳ್ಳೆಯ ನಿರ್ವಾಹಕ ಇದನ್ನು ಮನೆಯವರ ಮುಖ ನೋಡದೆ ಹೇಳುತ್ತಾನೆ. ಎಲ್ಲವನ್ನೂ ತಾನೇ ನೋಡಿಕೊಳ್ಳುವೆನೆಂದು ಭರವಸೆ ಕೊಡುವವನ ಬಗ್ಗೆ ಎಚ್ಚರವಿರಬೇಕು.

ಯಾರು ಮಿಂದರೆಂದು ನೋಡಿ ನೀರು ಚೆಲ್ಲಿದವರಿಗೂ ನೀಲಿ ಹೊಳಪು ನೋಡಿ ಮಕ್ಕಳನ್ನು ನೀರಿಗಿಳಿಸುವವರಿಗೂ ಸಮಾನವಾದದ್ದು ಒಂದಿದೆ: ಇಬ್ಬರೂ ನೀರನ್ನು ಪರೀಕ್ಷಿಸಲಿಲ್ಲ. ಪರೀಕ್ಷಾ ನಳಿಕೆಯಲ್ಲಿನ ನಸುಗೆಂಪು ಬಣ್ಣಕ್ಕೆ ಜಾತಿ, ಮೈಬಣ್ಣ, ದರ್ಜೆಗಳು ತಿಳಿಯವು. ಅದು ನೀರಿನ ಬಗ್ಗೆ ಮಾತ್ರ ಹೇಳುತ್ತದೆ. ಆ ನಳಿಕೆಯನ್ನು ಬೆಳಕಿಗೆ ಹಿಡಿದು, ಕಂಡದ್ದನ್ನು ಕಂಡಂತೆ ಪುಸ್ತಕದಲ್ಲಿ ಬರೆಯುವವನ ಕೈಗೆ ಕೊಳವನ್ನು ಒಪ್ಪಿಸಬಹುದು.